ಬಾರದೇ ಹೋದ ಮೂವತ್ತೊಂದು ಜನ

ಜನವರಿ ೮

ಕೆಂಪು ಪೆನ್ನಿನ ಅಕ್ಕನಿಗೆ,

ಮೊದಲು ಆ ಪೆನ್ನನ್ನು ಕೆಳಗಿಡು, ಆಮೇಲೆ ಓದು. ಕಾಗುಣಿತ ತಪ್ಪಿದ್ದರೆ ಇರಲಿ. ಡಾಕ್ಟರನ ಕೈಬರಹ ಅರ್ಥವಾದರೆ ಅದೇ ದೊಡ್ಡದು.

ಫೋನಿನಲ್ಲಿ ನಾವಿಬ್ಬರು ಮಾತಾಡಿದರೆ ಐದನೇ ನಿಮಿಷಕ್ಕೆ ಜಗಳ, ಕಾಗದದಲ್ಲಾದರೆ ಜಗಳವಾಡಲು ಒಂದು ವಾರವಾದರೂ ಬೇಕು ಎಂದು ಭಾವ ಹೇಳಿದ್ದು ಸರಿಯಾಗಿಯೇ ಇದೆ. ಅವರ ಹರ್ನಿಯಾ ಆಪರೇಷನ್ನಿಗೆ ಬರುತ್ತೇನೆಂದು ಹೇಳಿ ಬರದೇ ಹೋದದ್ದಕ್ಕೆ ನೀನು ಅನ್ನುವುದನ್ನೆಲ್ಲ ಅಂದಾಯಿತು, ನಾನು ಅನ್ನಿಸಿಕೊಂಡದ್ದೂ ಆಯಿತು. ಅದು ಅಲ್ಲಿಗೇ ಮುಗಿಯಲಿ.

ಈಗ ಸಂತೋಷದ ಸುದ್ದಿ. ನನ್ನ ಲೇಖನ ನಿಮ್ಮ ವೈದ್ಯಕೀಯ ಪತ್ರಿಕೆಯ ಡಿಸೆಂಬರ್ ಸಂಚಿಕೆಯಲ್ಲಿ ಬಂದಿದೆ. ಅದು ಕಚೇರಿಗೆ ಬಂದ ದಿನವೇ ನೀನು "ಇವನು ನನ್ನ ಒಡಹುಟ್ಟಿದವನು, ಈ ಕಡತವನ್ನು ನಾನು ಮುಟ್ಟುವುದಿಲ್ಲ" ಎಂದು ಬರೆದುಕೊಟ್ಟು ಕೈ ತೊಳೆದುಕೊಂಡೆಯಂತೆ. ಭಾವ ಹೇಳಿದಾಗ ನಗು ಬಂತು, ಸ್ವಲ್ಪ ಬೇಜಾರೂ ಆಯಿತು. ಈಗಂತೂ ಅಚ್ಚಾಗಿದೆ. ಈಗಲಾದರೂ ಓದಬಹುದಲ್ಲ ತಾಯಿ?

ವಿಷಯ ಇಷ್ಟೇ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ನಾವು ಹದಿನಾಲ್ಕು ದಿನ ಮಾತ್ರೆ ಕೊಡುತ್ತಿದ್ದೆವು. ಐದೇ ದಿನ ಸಾಕೇ ಎಂದು ನೂರ ನಲವತ್ತು ಜನರನ್ನು ಇಟ್ಟುಕೊಂಡು ನೋಡಿದೆ, ಅರ್ಧ ಜನಕ್ಕೆ ಐದು ದಿನ, ಅರ್ಧ ಜನಕ್ಕೆ ಹದಿನಾಲ್ಕು. ಐದೇ ಸಾಕು ಎಂದು ಬಂತು. ಒಂದೇ ಕಿಟಕಿಯ ಡ್ರೆಸ್ಸಿಂಗ್ ಕೋಣೆಯಲ್ಲಿ, ಗಿಡ್ಡ ಸ್ಟೂಲಿನ ಮೇಲೆ ಕೂತು ಹನ್ನೊಂದು ವರ್ಷ ಜನರ ಪಾದ ನೋಡಿದ್ದಕ್ಕೆ ಇದೊಂದು ಫಲ. ಜೂನ್‌ನಲ್ಲಿ ದೊಡ್ಡ ಊರಿನ ಕಾಲೇಜಿನ ಹುದ್ದೆಗೆ ಸಂದರ್ಶನವಿದೆ. ಈ ಲೇಖನವಿದ್ದರೆ ಕೆಲಸ ಸಿಕ್ಕ ಹಾಗೆಯೇ ಎನ್ನುತ್ತಾರೆ ನಮ್ಮ ಆಸ್ಪತ್ರೆಯ ದೊಡ್ಡವರು.

ಅಕ್ಕ, ನನಗೆ ಸಾಕಾಗಿದೆ. ನಿನ್ನೆ ಸಂಜೆ ಮನೆಗೆ ಬಂದವನು ಒಂದು ಶೂ ಬಿಚ್ಚಿ, ಇನ್ನೊಂದು ಕಾಲಲ್ಲಿರುವಾಗಲೇ ಮೆಟ್ಟಿಲ ಮೇಲೆ ನಿದ್ದೆ ಹೋಗಿದ್ದೆ. ಇವಳು ಬಂದು ಎಬ್ಬಿಸಿ, "ಇನ್ನೊಂದು ಶೂ ಬಿಚ್ಚೋಕೆ ಯಾರನ್ನಾದ್ರೂ ಕರೀಬೇಕಾ?" ಎಂದಳು.

ಓದಿ ಬರೆ.

ನಿನ್ನ ತಮ್ಮ


ಜನವರಿ ೨೫

ಡಾಕ್ಟರ್ ತಮ್ಮನಿಗೆ,

ಎರಡು ಸಲ ಓದಿದೆ, ಎರಡನೇ ಸಲ ಪೆನ್ನಿಲ್ಲದೆ. ಚೆನ್ನಾಗಿ ಬರೆದಿದ್ದೀ. ಹುಣ್ಣನ್ನು ಅಳೆಯುವ ಬಗೆ ಹೇಳಿದ್ದೀಯಲ್ಲ, ಆ ಭಾಗ ಓದುವಾಗ ನೀನೇ ಎದುರಿಗೆ ಕೂತು ಹೇಳಿದಂತಾಯಿತು. ಹೊಗಳುವುದು ನನಗೆ ಬರುವುದಿಲ್ಲ, ಇಷ್ಟಕ್ಕೇ ತೃಪ್ತಿಪಡು.

ಇಲ್ಲಿ ಎಂದಿನ ಹಾಡು. ಈ ವಾರ ಮೂರು ಊರುಗಳಿಂದ ಮೂರು ಲೇಖನ ಬಂದವು, ಅಂಕಿಗಳ ಕೋಷ್ಟಕ ಮಾತ್ರ ಮೂರರಲ್ಲೂ ಒಂದೇ. ಒಂದೇ ಅಡುಗೆಯನ್ನು ಮೂರು ತಟ್ಟೆಗೆ ಬಡಿಸಿದ್ದಾರೆ. ಕೇಳಿದರೆ "ಟೈಪಿಸ್ಟ್ ತಪ್ಪು" ಎಂದು ಉತ್ತರ. ಹತ್ತೊಂಬತ್ತು ವರ್ಷಗಳಿಂದ ನೋಡುತ್ತಿದ್ದೇನೆ, ಈ ಲೋಕದ ತಪ್ಪುಗಳನ್ನೆಲ್ಲ ಟೈಪಿಸ್ಟರೇ ಮಾಡಿದ್ದಾರೆ, ಪಾಪ. ನಮ್ಮ ಪ್ರಧಾನ ಸಂಪಾದಕರು ಈಗೀಗ ಲೇಖನ ತೆರೆಯುವ ಮುಂಚೆಯೇ ಉಸ್ಸೆನ್ನುತ್ತಾರೆ. ನನಗೂ ಯಾರನ್ನೂ ನಂಬದ ರೋಗ ಅಂಟಿಕೊಂಡಿದೆ. ತರಕಾರಿಯವನ ತಕ್ಕಡಿಯನ್ನೂ ಬಗ್ಗಿ ನೋಡುತ್ತೇನೆ ಎಂದು ನಿಮ್ಮ ಭಾವ ನಗುತ್ತಾರೆ.

ಎರಡು ಪ್ರಶ್ನೆ ಇವೆ. ಕೇಳುತ್ತಿರುವುದು ಅಕ್ಕ, ಕಚೇರಿಯಲ್ಲ. ಲೇಖನದ ಮೇಲೆ ಮೊದಲ ಹೆಸರು ನಿಮ್ಮ ದೊಡ್ಡವರದು. ಅವರೂ ನಿನ್ನ ಜೊತೆ ಸ್ಟೂಲಿನ ಮೇಲೆ ಕೂತಿದ್ದರೇ? ಎರಡನೆಯದು, ನೂರ ನಲವತ್ತು ಜನರಲ್ಲಿ ಒಬ್ಬರೂ ಆರು ವಾರದ ತಪಾಸಣೆಗೆ ತಪ್ಪಿಸಿಕೊಂಡಿಲ್ಲವಲ್ಲ. ಇಂಥದ್ದನ್ನು ನಾನು ಕಂಡೇ ಇಲ್ಲ. ನಿಮ್ಮ ಕಡೆಯ ರೋಗಿಗಳು ಅಷ್ಟು ಶಿಸ್ತಿನವರಾದರೆ ಇಲ್ಲಿಗೂ ಒಂದಿಷ್ಟು ಜನರನ್ನು ಕಳಿಸು.

ನಿಮ್ಮ ಭಾವ ಈಗ ಓಡಾಡುತ್ತಿದ್ದಾರೆ. ಊಟ ಬಿಟ್ಟು ಕೆಲಸ ಮಾಡಬೇಡ.

ಅಕ್ಕ


ಫೆಬ್ರವರಿ ೬

ಅಕ್ಕನಿಗೆ,

ನೀನು ಚೆನ್ನಾಗಿದೆ ಎಂದು ಬರೆದ ಸಾಲನ್ನು ಇವಳಿಗೆ ಓದಿ ಹೇಳಿದೆ. "ಫ್ರೇಮ್ ಹಾಕ್ಸಿ" ಎಂದಳು.

ದೊಡ್ಡವರು ಸ್ಟೂಲಿನ ಮೇಲೆ ಕೂತಿದ್ದರೇ ಎಂದರೆ, ಅವರು ಆ ಕೋಣೆಯ ಬಾಗಿಲನ್ನೂ ದಾಟಿಲ್ಲ. ವಾಸನೆ ಆಗುವುದಿಲ್ಲ ಅವರಿಗೆ. ಆದರೆ ಅವರ ಹೆಸರಿಲ್ಲದೆ ನಮ್ಮಲ್ಲಿಂದ ಒಂದು ಹಾಳೆ ಹೊರಗೆ ಹೋಗುವುದಿಲ್ಲ, ಇದು ನಾನು ಹುಟ್ಟಿಸಿದ ರೂಢಿಯೇನಲ್ಲ. ನೀನು ಮುಖ ಸಿಂಡರಿಸುವುದು ಇಲ್ಲಿಗೇ ಕಾಣುತ್ತಿದೆ.

ಇನ್ನು ತಪ್ಪಿಸಿಕೊಂಡವರ ಮಾತು. ತಪ್ಪಿಸಿಕೊಳ್ಳದೆ ಏನು, ಬೇಕಾದಷ್ಟು ಜನ ಮತ್ತೆ ಬರಲಿಲ್ಲ. ಆದರೆ ನಮ್ಮಲ್ಲಿ ಬಾರದವರೆಂದರೆ ಗುಣವಾದವರು. ಪ್ರತಿ ತಿಂಗಳು ಮೇಲಿನವರಿಗೆ ಕಳಿಸುವ ಫಾರಮ್ಮಿನಲ್ಲಿ ಇರುವುದೇ ಮೂರು ಮನೆ: ಗುಣ, ಬೇರೆ ಆಸ್ಪತ್ರೆಗೆ ಕಳಿಸಿದ್ದು, ಸಾವು. ಬಾರದವನನ್ನು ಯಾವ ಮನೆಯಲ್ಲಿ ಕೂರಿಸುವುದು? ಅದಕ್ಕೆ ನಮ್ಮ ಹಿರಿಯ ಸಿಸ್ಟರ್, ಆರು ವಾರವಾದರೂ ಬಾರದವರ ಹೆಸರಿನ ಮುಂದೆ "ಗುಣ" ಎಂದು ಬರೆದು ರಿಜಿಸ್ಟರ್ ಮುಚ್ಚುತ್ತಾರೆ. ಅವರಿಗೂ ಮುಂಚೆ ಇದ್ದವರು ಹಾಗೇ ಮಾಡುತ್ತಿದ್ದರಂತೆ. ನಾನು ಸೇರಿದ ಹೊಸದರಲ್ಲಿ ಕೇಳಿದ್ದೆ. "ಹುಣ್ಣಿದ್ದೋನು ಕುಂಟ್ಕೊಂಡಾದ್ರೂ ಬಂದೇ ಬರ್ತಾನೆ ಡಾಕ್ಟ್ರೇ. ಬರ್ಲಿಲ್ಲ ಅಂದ್ರೆ ಕಾಲು ಸರಿಹೋಯ್ತು ಅಂತ ಅರ್ಥ" ಎಂದರು. ಸರಿಯಲ್ಲವೇ ಮತ್ತೆ? ನಾನು ರಿಜಿಸ್ಟರಿನಿಂದಲೇ ಅಂಕಿ ತೆಗೆದುಕೊಂಡದ್ದು.

ಜೂನ್ ಸಂದರ್ಶನಕ್ಕೆ ಹೊಸ ಅಂಗಿ ಹೊಲಿಸಲು ಹಾಕಿದ್ದೇನೆ. ಇವಳು ಈಗಲೇ ಆ ಊರಿನಲ್ಲಿ ಮನೆ ಹುಡುಕುವ ಮಾತಾಡುತ್ತಿದ್ದಾಳೆ. ಕೂಸು ಹುಟ್ಟುವ ಮುಂಚೆ ಕುಲಾವಿ.

ನಿನ್ನ ತಮ್ಮ


ಮಾರ್ಚ್ ೨

ಅಕ್ಕನಿಗೆ,

ನಾಲ್ಕು ವಾರವಾಗುತ್ತಾ ಬಂತು, ನಿನ್ನಿಂದ ಒಂದು ಗೀಟಿಲ್ಲ. ಹರ್ನಿಯಾದ ಸಿಟ್ಟು ಇನ್ನೂ ಇಳಿದಿಲ್ಲವೆಂದು ಕಾಣುತ್ತದೆ. ಭಾವನೇ ಮರೆತಿರುವುದನ್ನು ನೀನು ಯಾಕೆ ಹೊತ್ತುಕೊಂಡು ತಿರುಗುತ್ತೀ? ಆ ದಿನ ನಾನು ಹೊರಟು ನಿಂತಿದ್ದೆ, ಬಸ್ಸಿನ ಟಿಕೆಟ್ಟೂ ಆಗಿತ್ತು. ಎರಡು ಕಾಲು ಕೊಳೆತು ಬಂದವು, ಬಿಟ್ಟು ಬರಲಾಗಲಿಲ್ಲ. ಇದನ್ನು ಫೋನಿನಲ್ಲಿ ಹೇಳುವಷ್ಟರಲ್ಲಿ ನೀನು ಇಟ್ಟುಬಿಟ್ಟಿದ್ದೆ.

ದೊಡ್ಡವರ ಹೆಸರಿನ ವಿಚಾರಕ್ಕೆ ಕೋಪವಾದರೂ ಹೇಳು. ಬೈದರೆ ಬೈದಂತಾಗಲಿ, ಸುಮ್ಮನಿರಬೇಡ.

ತಮ್ಮ


ಮಾರ್ಚ್ ೧೪

ತಮ್ಮನಿಗೆ,

ಹರ್ನಿಯಾ ಅಲ್ಲ.

ಆ ನೂರ ನಲವತ್ತು ಜನರಲ್ಲಿ ಮತ್ತೆ ಬಾರದವರು ಎಷ್ಟು ಮಂದಿ? ಐದು ದಿನದವರಲ್ಲಿ ಎಷ್ಟು, ಹದಿನಾಲ್ಕು ದಿನದವರಲ್ಲಿ ಎಷ್ಟು? ರಿಜಿಸ್ಟರ್ ನೋಡಿ ಎಣಿಸಿ ಬರೆ.

ಬರೆಯುವ ಮುಂಚೆ ಒಂದು ಮಾತು. ನಾನು ಕೆಲಸ ಮಾಡುವುದು ಆ ಪತ್ರಿಕೆಯಲ್ಲಿ. ನೀನು ಬರೆದದ್ದನ್ನು ಓದಿದ ಮೇಲೆ ಓದಿಲ್ಲ ಎನ್ನಲು ನನಗೆ ಬರುವುದಿಲ್ಲ. ಯೋಚನೆ ಮಾಡಿ ಬರೆ.

ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ಬೇಸರಿಸಬೇಡ. ಮೂರು ಸಲ ಬರೆದು ಹರಿದೆ.

ಅಕ್ಕ


ಮಾರ್ಚ್ ೨೨

ಅಕ್ಕನಿಗೆ, ಅಥವಾ ಸಂಪಾದಕೀಯ ಕಚೇರಿಯ ಅಧಿಕಾರಿಗಳಿಗೆ,

ಯಾರಿಗೆಂದು ಬರೆಯಬೇಕೋ ತಿಳಿಯುತ್ತಿಲ್ಲ. ಜನವರಿಯಲ್ಲಿ "ಕೇಳುತ್ತಿರುವುದು ಅಕ್ಕ, ಕಚೇರಿಯಲ್ಲ" ಎಂದು ಬರೆದದ್ದು ನೀನೇ ತಾನೇ? ಅಕ್ಕ ಕೇಳಿದಳೆಂದು ಹೇಳಿದೆ. ಈಗ ಕಚೇರಿ ಕಣ್ಣು ಕೆಂಪು ಮಾಡುತ್ತಿದೆ.

ಬೇಕಾದರೆ ಎಣಿಸಿಕೊ: ಮೂವತ್ತೊಂದು. ಐದು ದಿನದವರು ಇಪ್ಪತ್ತೆರಡು, ಹದಿನಾಲ್ಕು ದಿನದವರು ಒಂಬತ್ತು. ಆಯಿತೇ? ನಾನೇನು ಮನೆಯಲ್ಲಿ ಕೂತು ಅಂಕಿ ಹುಟ್ಟಿಸಿದೆನೇ? ರಿಜಿಸ್ಟರಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ನಿಮ್ಮ ಪರಿಶೀಲಕರು ಇಬ್ಬರು ಓದಿದರು, ಒಬ್ಬರಾದರೂ ಕೇಳಿದರೇ? ನಿನಗೆ ಮೂರು ತಟ್ಟೆಯ ಕಳ್ಳರನ್ನು ನೋಡಿ ನೋಡಿ ತಮ್ಮನೂ ಕಳ್ಳನ ಹಾಗೆ ಕಾಣತೊಡಗಿದ್ದಾನೆ.

ದಿನಕ್ಕೆ ಅರವತ್ತು ಕಾಲು ನೋಡುತ್ತೇನೆ ಅಕ್ಕ. ಬಾರದವರ ಹಿಂದೆ ಹೋಗುತ್ತಾ ಕೂತರೆ ಬಂದವರನ್ನು ಯಾರು ನೋಡುವುದು? ನಿನಗೆ ಅಲ್ಲಿ ಫ್ಯಾನಿನ ಕೆಳಗೆ ಕೂತು ಕೇಳುವುದು ಸುಲಭ. ಜೂನ್‌ವರೆಗೆ ನನ್ನ ಪಾಡಿಗೆ ನನ್ನನ್ನು ಬಿಡು.


ಮಾರ್ಚ್ ೩೦

ತಮ್ಮನಿಗೆ,

ಬೈದದ್ದು ಒಳ್ಳೆಯದಾಯಿತು. ನಿನ್ನ ಜಾಗದಲ್ಲಿದ್ದರೆ ನಾನು ಇನ್ನೂ ಕೆಟ್ಟದಾಗಿ ಬೈಯುತ್ತಿದ್ದೆ.

ನೀನು ಕಳ್ಳ ಎಂದು ನಾನು ಒಂದು ಗಳಿಗೆಯೂ ಅಂದುಕೊಂಡಿಲ್ಲ. ಕಳ್ಳನಾಗಿದ್ದರೆ ಅಕ್ಕನಿಗೆ ನಗುನಗುತ್ತಾ ಹೇಳುತ್ತಿರಲಿಲ್ಲ. ಆದರೆ ನೋಡು, ನಿನ್ನ ಲೇಖನದಲ್ಲಿ ಐದು ದಿನದ ಎಪ್ಪತ್ತು ಜನರಲ್ಲಿ ಅರವತ್ತಾರು ಜನ ಗುಣ. ಅದರಲ್ಲಿ ಇಪ್ಪತ್ತೆರಡು ಜನರನ್ನು ಆಮೇಲೆ ಯಾರೂ ನೋಡಿಯೇ ಇಲ್ಲ. ಯಾಕೆ ಆ ಕಡೆಯೇ ಹೆಚ್ಚು ಜನ ಬರಲಿಲ್ಲ? ನಿನಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗುಣ ಎಂದು ಅಚ್ಚು ಹಾಕಿದ್ದೇವೆ. ಅದನ್ನು ಓದಿ ಯಾವ ಊರಿನಲ್ಲೋ ಒಬ್ಬ ಡಾಕ್ಟರು ಆರನೇ ದಿನಕ್ಕೆ ಮಾತ್ರೆ ನಿಲ್ಲಿಸುತ್ತಾನೆ. ನಿಲ್ಲಿಸಿದರೆ ಹೋಗುವುದು ಕಾಲು, ಆಮೇಲೆ ಜೀವ. ಇದನ್ನು ನಾನು ನಿನಗೆ ಹೇಳಿಕೊಡಬೇಕೇ?

ಇಲ್ಲಿ ನಿಯಮವಿದೆ. ಅಚ್ಚಾದ ಲೇಖನದಲ್ಲಿ ತಪ್ಪಿದೆ ಎಂದು ಕಚೇರಿಯವರು ಯಾರಿಗೆ ಗೊತ್ತಾದರೂ ಬರೆದುಕೊಡಬೇಕು. ತಮ್ಮ, ಅಣ್ಣ ಎಂಬ ವಿನಾಯಿತಿ ಇಲ್ಲ. ಆದರೆ ಬರೆದವನೇ ಬಂದು "ತಪ್ಪಾಯಿತು, ಲೇಖನ ವಾಪಸು ತೆಗೆಯಿರಿ" ಎಂದರೆ ಅದನ್ನು ತಪ್ಪು ಎಂದು ನೋಡುತ್ತಾರೆ. ಬೇರೆಯವರು ಮೊದಲು ಹೇಳಿದರೆ ಮೋಸವೇ ಎಂದು ವಿಚಾರಣೆ ಮಾಡುತ್ತಾರೆ. ನೀನಾಗಿ ಬರೆ. ಸಂದರ್ಶನಕ್ಕೆ ತೊಂದರೆಯಾದರೂ ಹೆಸರು ಉಳಿಯುತ್ತದೆ.

ಏಪ್ರಿಲ್ ಮೂವತ್ತರವರೆಗೆ ಕಾಯುತ್ತೇನೆ. ಅಷ್ಟು ಕಾಯುವುದೇ ತಪ್ಪು. ಕಾಯುತ್ತೇನೆ.

ಅಕ್ಕ


ಏಪ್ರಿಲ್ ೨೭

ಅಕ್ಕನಿಗೆ,

ತಿಂಗಳಿಂದ ಬರೆಯಲಿಲ್ಲ. ಮೊದಲ ಎರಡು ದಿನ ಕೋಪವಿತ್ತು. ಮೂರನೇ ದಿನ ಹಿರಿಯ ಸಿಸ್ಟರ್ ಹತ್ತಿರ ಹೋಗಿ ಆ ಮೂವತ್ತೊಂದು ಜನರ ವಿಳಾಸ ಕೇಳಿದೆ. "ಈಗ್ಯಾಕೆ ಡಾಕ್ಟ್ರೇ, ಸತ್ತ ಎಮ್ಮೆಗೆ ಹಾಲೆಷ್ಟು?" ಎಂದರು, ಆದರೂ ಚೀಟಿ ಮಾಡಿಕೊಟ್ಟರು. ಹದಿನೈದು ದಿನ ರಜೆ ಹಾಕಿ ಬಸ್ಸು, ಸೈಕಲ್ಲು, ನಡಿಗೆ, ಹೇಗಾದರೆ ಹಾಗೆ ತಿರುಗಿದೆ. ಇಪ್ಪತ್ತೈದು ಜನ ಸಿಕ್ಕರು, ಆರು ಜನ ಸಿಕ್ಕಿಲ್ಲ. ಅರ್ಧಂಬರ್ಧ ಅಂಕಿಯನ್ನು ಎರಡನೇ ಸಲವೂ ಕಳಿಸಬಾರದೆಂದು ಇಷ್ಟು ತಡವಾಯಿತು.

ಮೊದಲ ಮನೆಯಲ್ಲಿ ಒಬ್ಬ ಹೆಂಗಸು ನನ್ನ ಮುಂದೆಯೇ ನೀರಿನ ಕೊಡ ಹೊತ್ತು ನಡೆದು ತೋರಿಸಿದಳು. ನಾನು ಹಿಗ್ಗಿಬಿಟ್ಟೆ, ಅಕ್ಕನಿಗೆ ಬುದ್ಧಿ ಇಲ್ಲ ಎಂದುಕೊಂಡೆ. ಎರಡನೇ ಮನೆಯಲ್ಲಿ ಮಗ ಬಾಗಿಲು ತೆಗೆದ. "ಅಪ್ಪ ಹೋಗಿ ವರ್ಷ ಆಯ್ತು ಡಾಕ್ಟ್ರೇ. ಈಗ ಬಂದ್ರಾ?" ಎಂದ. ಕೋಪದಲ್ಲಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀರು ಕೊಟ್ಟು, ಕೂರಿಸಿ, ಕೇಳಿದ. ಅವನ ಅಪ್ಪ ನಮ್ಮ ರಿಜಿಸ್ಟರಿನಲ್ಲಿ "ಗುಣ".

ಒಬ್ಬ ದರ್ಜಿ. ಎಡಗಾಲನ್ನು ಮೊಣಕಾಲಿನ ಕೆಳಗೆ ಬೇರೆ ಆಸ್ಪತ್ರೆಯಲ್ಲಿ ತೆಗೆದಿದ್ದಾರೆ. ಈಗ ಹೆಂಡತಿ ಪಕ್ಕದಲ್ಲಿ ಕೂತು ಮಿಷನ್ ತುಳಿಯುತ್ತಾಳೆ, ಇವನು ಬಟ್ಟೆ ಹಿಡಿಯುತ್ತಾನೆ. ನಮ್ಮಲ್ಲಿಗೆ ಯಾಕೆ ಬರಲಿಲ್ಲ ಎಂದು ಕೇಳಿದೆ. ಅವನು ನಾಚಿಕೊಂಡು, "ಐದು ದಿನದಲ್ಲಿ ಸರಿ ಹೋಗುತ್ತೆ ಅಂದಿದ್ರಿ. ಆರನೇ ದಿನವೂ ಕೀವು ಇತ್ತು. ನೀವು ಅಷ್ಟು ಪ್ರೀತಿಯಿಂದ ನೋಡಿದ್ರಲ್ಲ, ನಿಮ್ಮ ಔಷಧಿ ನಾಟಲಿಲ್ಲ ಅಂತ ನಿಮ್ಮ ಮುಖಕ್ಕೇ ಹೇಗೆ ಹೇಳೋದು? ಅದಕ್ಕೆ ಬೇರೆ ಕಡೆ ಹೋದೆ" ಎಂದ. ನನಗೆ ಬೇಜಾರಾಗಬಾರದೆಂದು ಕಾಲು ಕಳೆದುಕೊಂಡ ಮನುಷ್ಯ. ಅವನೆದುರಿಗೇ ಅತ್ತುಬಿಟ್ಟೆ. ಅವನೇ ಸಮಾಧಾನ ಮಾಡಿದ.

ಐದು ದಿನದ ಇಪ್ಪತ್ತೆರಡರಲ್ಲಿ ನಿಜವಾಗಿ ಗುಣವಾದವರು ಒಂಬತ್ತು. ಬೆರಳೋ ಕಾಲೋ ಹೋದವರು ಆರು. ಸತ್ತವರು ಇಬ್ಬರು. ಐವರು ಸಿಕ್ಕಿಲ್ಲ. ಹದಿನಾಲ್ಕು ದಿನದ ಒಂಬತ್ತರಲ್ಲಿ ಏಳು ಜನಕ್ಕೆ ಗುಣವಾಗಿದೆ, ಒಬ್ಬನಿಗೆ ಹುಣ್ಣು ಹಾಗೇ ಇದೆ, ಒಬ್ಬ ಸಿಕ್ಕಿಲ್ಲ. ಅರವತ್ತಾರು ಎಂದು ಬರೆದದ್ದು ಐವತ್ತಮೂರು. ಐದು ದಿನ ಸಾಲದು ಅಕ್ಕ. ಸಾಲದೇ ಸಾಲದು.

ಇದನ್ನೆಲ್ಲ ಬರೆದು, ಲೇಖನ ವಾಪಸು ತೆಗೆಯಿರಿ ಎಂದು ನಿಮ್ಮ ಸಂಪಾದಕರಿಗೆ ಇವತ್ತೇ ಅಂಚೆಗೆ ಹಾಕಿದ್ದೇನೆ. ನಿನ್ನ ಗಡುವಿಗೆ ಮೂರು ದಿನ ಮುಂಚೆ. ಕಾದದ್ದಕ್ಕೆ ನಿನಗೆ ದೊಡ್ಡ ನಮಸ್ಕಾರ. ಮೈಯೆಲ್ಲ ನೋವು, ಆದರೆ ನಿದ್ದೆ ಬರುತ್ತದೆ ಅನ್ನಿಸುತ್ತಿದೆ.

ನಿನ್ನ ತಮ್ಮ


ಮೇ ೧೯

ಅಕ್ಕನಿಗೆ,

ನೀನು ಬರೆಯದೇ ಇರುವುದು ನಿಯಮಕ್ಕೆ ಎಂದು ಅಂದುಕೊಂಡಿದ್ದೇನೆ. ವಿಚಾರಣೆ ನಡೆಯುವಾಗ ಮಾತಾಡಬಾರದು ಎಂದಿರಬಹುದು. ನಾನು ಬರೆಯಬಾರದು ಎಂಬ ನಿಯಮವಿಲ್ಲವಲ್ಲ, ಬರೆಯುತ್ತೇನೆ.

ನಿಮ್ಮ ಪ್ರಕಟಣೆ ಬಂತು. "ಏಪ್ರಿಲ್ ೧೪ರಂದು ಬಂದ ಲಿಖಿತ ಮಾಹಿತಿಯ ಮೇರೆಗೆ ಈ ಲೇಖನವನ್ನು ಹಿಂತೆಗೆದುಕೊಳ್ಳಲಾಗಿದೆ. ಲೇಖಕರ ಪತ್ರವು ಆ ನಂತರ ತಲುಪಿದೆ." ಎರಡೇ ಸಾಲು. ಊರೂರು ಅಲೆದದ್ದೆಲ್ಲ "ಆ ನಂತರ" ಆಗಿಹೋಯಿತು. ಓದಿದವರಿಗೆ ಸಿಕ್ಕಿಬಿದ್ದ ಮೇಲೆ ಬಾಯಿಬಿಟ್ಟ ಹಾಗೆ ಕಾಣುತ್ತದೆ. ಸಂದರ್ಶನಕ್ಕೆ ಬರಬೇಕಾಗಿಲ್ಲ ಎಂದು ಕಾಲೇಜಿನಿಂದ ಕಾಗದ ಬಂದಿದೆ. ವೈದ್ಯರ ಮಂಡಳಿಯಿಂದ ವಿಚಾರಣೆಗೆ ಕರೆ ಬಂದಿದೆ. ದೊಡ್ಡವರು, "ನಾನು ಬರೀ ಹೆಸರು ಕೊಟ್ಟಿದ್ದೆ, ನನಗೇನೂ ಗೊತ್ತಿಲ್ಲ" ಎಂದು ಬರೆದುಕೊಟ್ಟಿದ್ದಾರಂತೆ. ಜೀವಮಾನದಲ್ಲಿ ಅವರು ಬರೆದ ಮೊದಲ ನಿಜ.

ಮಾಹಿತಿ ಕೊಟ್ಟವರು ಯಾರೆಂದು ನನಗೆ ಗೊತ್ತಾಯಿತು. ವಾರ್ಡಿನ ರೂಢಿ, ಫಾರಮ್ಮಿನ ಮೂರು ಮನೆ, ಎಲ್ಲ ಅದರಲ್ಲಿತ್ತಂತೆ. ಒಳಗಿನವರಲ್ಲದೆ ಯಾರು? ನಾನು ವಿಳಾಸ ಕೇಳಿದ ಹತ್ತೇ ದಿನಕ್ಕೆ ಹೋಗಿದೆ. ಹಿರಿಯ ಸಿಸ್ಟರ್. ತನ್ನ ತಲೆಗೆ ಬರುತ್ತದೆಂದು ಹೆದರಿ ನನ್ನ ತಲೆ ಮುಂದೆ ಮಾಡಿದರು. ಹನ್ನೊಂದು ವರ್ಷ ಒಟ್ಟಿಗೆ ದುಡಿದವರು! ವಾರ್ಡಿನಲ್ಲಿ ಎಲ್ಲರ ಮುಂದೆ ಅಂದುಬಿಟ್ಟೆ. ಅವರು ಕತ್ತರಿ, ಹತ್ತಿ ಜೋಡಿಸುತ್ತಲೇ ಇದ್ದರು. ಅದಕ್ಕೂ ಸಿಟ್ಟು ಬಂದು ದೊಡ್ಡವರಿಗೆ ಹೇಳಿದೆ. ಅವರನ್ನು ದೂರದ ಚಿಕ್ಕ ಆಸ್ಪತ್ರೆಗೆ ವರ್ಗ ಮಾಡುತ್ತಾರೆ, ಮುಂದಿನ ತಿಂಗಳು ಆದೇಶ. ನಿವೃತ್ತಿಗೆ ಎರಡು ವರ್ಷವಿದೆ ಅವರಿಗೆ.

ನೀನು ಮೂವತ್ತರವರೆಗೆ ಎಂದೆ, ಒಮ್ಮೆ ಅಂದ ಮೇಲೆ ಕದಲುವವಳಲ್ಲ. ಈ ಲೋಕದಲ್ಲಿ ಅಷ್ಟಾದರೂ ಇದೆಯಲ್ಲ ಎಂದು ಸಮಾಧಾನ.

ತಮ್ಮ


ಮೇ ೨೬

ತಮ್ಮನಿಗೆ,

ಸಿಸ್ಟರ್ ಅಲ್ಲ. ನಾನು.

ಇದನ್ನು ಓದಿ ಕಾಗದ ಹರಿಯುವುದಾದರೆ ಹರಿ, ಆದರೆ ಮೊದಲು ಅವರ ಹತ್ತಿರ ಹೋಗು. ಮಾಹಿತಿ ಕೊಟ್ಟವಳು ನಾನು ಎಂದು ನಿಮ್ಮ ದೊಡ್ಡವರಿಗೂ ನನ್ನ ಹೆಸರು ಹಾಕಿ ಇವತ್ತೇ ಬೇರೆ ಕಾಗದ ಕಳಿಸಿದ್ದೇನೆ. ವರ್ಗ ನಿಲ್ಲದಿದ್ದರೆ ನಾನೇ ಬರುತ್ತೇನೆ.

ಏಪ್ರಿಲ್ ಹದಿಮೂರಕ್ಕೆ ಕಚೇರಿಗೆ ಒಂದು ಪತ್ರ ಬಂತು. ನಾವಿಬ್ಬರೂ ಕಾಣದ ಒಂದು ಊರಿನ ಆಸ್ಪತ್ರೆಯಿಂದ. ನಿನ್ನ ಲೇಖನ ಓದಿ ಅವರು ಐದು ದಿನದ ನಿಯಮವನ್ನು ಡ್ರೆಸ್ಸಿಂಗ್ ಕೋಣೆಯ ಗೋಡೆಗೆ ಅಂಟಿಸಿದ್ದಾರಂತೆ. ಆಗಲೇ ಎಂಬತ್ತು ಜನಕ್ಕೆ ಕೊಟ್ಟಿದ್ದರು. "ಲೇಖಕರಿಗೆ ನಮ್ಮ ಧನ್ಯವಾದ ತಿಳಿಸಿ" ಎಂದು ಬರೆದಿದ್ದರು. ನಿನಗೆ ತಂತಿಯಾಗಲಿ ಫೋನಾಗಲಿ ಮಾಡಬಹುದಿತ್ತು, ಮಾಡಲಿಲ್ಲ. ಮಾರ್ಚ್ ಮೂವತ್ತರ ನಂತರ ನೀನು ಬರೆದಿರಲಿಲ್ಲ. ಕೋಪ ಮಾಡಿಕೊಂಡು, ಜೂನ್ ದಾಟಲಿ ಎಂದು ಕೂತಿದ್ದೀ ಅಂದುಕೊಂಡೆ. ನೀನು ಬಿಸಿಲಲ್ಲಿ ಮನೆ ಮನೆ ಅಲೆಯುತ್ತಿದ್ದೀ ಎಂದು ನನಗೆ ಹೊಳೆಯಲೇ ಇಲ್ಲ. ಉತ್ತರ ಬಾರದ ಕಡೆ ನಾನೇ ಒಂದು ಉತ್ತರ ಬರೆದುಕೊಂಡೆ. ಬಾರದವರನ್ನು ಗುಣ ಎಂದು ಬರೆದ ನಿಮ್ಮ ವಾರ್ಡನ್ನು ಅಂದವಳು ನಾನು.

ಮರುದಿನ ಸಂಪಾದಕರ ಕೋಣೆಗೆ ಹೋದೆ. ಏನು ಆಧಾರ ಎಂದರು. ನಿನ್ನ ಫೆಬ್ರವರಿಯ ಕಾಗದವನ್ನೇ ಕೊಟ್ಟೆ. ಅವರು ಓದುತ್ತಾ ಕುಲಾವಿಯ ಸಾಲಿಗೆ ನಕ್ಕರು, ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ, ಇದು ನಾಳೆಯೂ ಆಗುತ್ತೆ" ಎಂದರು. ಬೇಡವೆಂದೆ. ಆ ಊರಿಗೆ ಅವತ್ತೇ ಫೋನ್ ಹೋಯಿತು, ಗೋಡೆಯ ಹಾಳೆ ಇಳಿಸಿದರು.

ಏಪ್ರಿಲ್ ಕೊನೆಗೆ ನಿನ್ನ ಕಾಗದ ಬಂದಾಗ ಒಲೆಯ ಮೇಲೆ ಹಾಲಿಟ್ಟಿದ್ದೆ. ಓದುತ್ತಾ ನಿಂತೆ, ಹಾಲು ಉಕ್ಕಿ ಒಲೆ ಆರಿತು. ನಿನ್ನ ನಮಸ್ಕಾರಕ್ಕೆ ಏನೆಂದು ಉತ್ತರ ಬರೆಯಲಿ? ಒಂದು ತಿಂಗಳು ಹೇಡಿಯ ಹಾಗೆ ಕೂತೆ. ಅಷ್ಟರಲ್ಲಿ ಒಬ್ಬ ಪಾಪದ ಹೆಂಗಸಿನ ಮೇಲೆ ಬಿತ್ತು.

ಹೇಳಿದ್ದು ತಪ್ಪೆಂದು ನಾನು ಅನ್ನುವುದಿಲ್ಲ. ಮತ್ತೆ ಆ ಕಾಗದ ಬಂದರೂ ಅದನ್ನೇ ಮಾಡುತ್ತೇನೆ. ಕಾಯುತ್ತೇನೆ ಎಂದು ಮಾತು ಕೊಟ್ಟದ್ದು, ಮುರಿದದ್ದನ್ನು ನಿನಗೆ ಹೇಳದೇ ಹೋದದ್ದು, ಇವೆರಡು ತಪ್ಪು. ಅದಕ್ಕೆ ಯಾವ ಶಿಕ್ಷೆಯಾದರೂ ಕೊಡು.

ಮಂಡಳಿಯವರು ನನ್ನನ್ನೂ ಸಾಕ್ಷಿಗೆ ಕರೆದಿದ್ದಾರೆ.

ಅಕ್ಕ


ಜೂನ್ ೧೧

ಅಕ್ಕನಿಗೆ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಮೊದಲ ದಿನವೇ ಸಿಸ್ಟರ್ ಮನೆಗೆ ಹೋದೆ. ಬಾಗಿಲಲ್ಲೇ ಕಾಲಿಗೆ ಬೀಳಲು ಬಗ್ಗಿದರೆ ಭುಜ ಹಿಡಿದು ನಿಲ್ಲಿಸಿ, "ಕಾಲು ನೋಡೋದು ನಿಮ್ಮ ಕೆಲಸ ಡಾಕ್ಟ್ರೇ, ಬೀಳೋದಲ್ಲ" ಎಂದರು. ಆಮೇಲೆ ಒಳಗೆ ಹೋಗಿ ತುಂಬಾ ಹೊತ್ತು ಹೊರಗೆ ಬರಲಿಲ್ಲ. ಅಳುತ್ತಿದ್ದರು. ಮಾರನೇ ದಿನ ವಾರ್ಡಿನಲ್ಲಿ ಎಲ್ಲರನ್ನೂ ಸೇರಿಸಿ, ತಪ್ಪು ನನ್ನದೆಂದು ಹೇಳಿದೆ. ವರ್ಗ ನಿಂತಿದೆ. ಅವರು ನನ್ನ ಜೊತೆ ಕೆಲಸ ಮಾಡುತ್ತಾರೆ, ಬೇಕಾದಷ್ಟೇ ಮಾತಾಡುತ್ತಾರೆ. ಮೊದಲಿನ ಹಾಗೆ ತಮಾಷೆ ಇಲ್ಲ. ಅದಕ್ಕೆ ನಾನೇ ಹೊಣೆ.

ನಿನ್ನ ವಿಷಯ ಬರೆಯಲು ಕೂತರೆ ಪ್ರತಿ ಸಲ ಬೇರೆ ಬೇರೆ ಬರುತ್ತದೆ. ಒಂದು ದಿನ ನೀನು ಮಾಡಿದ್ದು ಸರಿ ಎಂದು ಬರೆದೆ. ಇನ್ನೊಂದು ದಿನ, ನನ್ನ ಕಾಗದವನ್ನು ಇನ್ನೊಬ್ಬರ ಕೈಗೆ ಕೊಟ್ಟೆಯಲ್ಲ, ಅವರು ನಕ್ಕರಲ್ಲ ಎಂದು ಬಾಯಿಗೆ ಬಂದಂತೆ ಬರೆದೆ. ಎರಡನ್ನೂ ಇವಳಿಗೆ ತೋರಿಸಿದೆ. "ಎರಡೂ ನಿಜ ತಾನೇ? ಎರಡನ್ನೂ ಒಂದೇ ಕವರಿಗೆ ಹಾಕಿ" ಎಂದಳು. ಹಾಗೆಯೇ ತಿಳಿದುಕೊ. ನೀನು ಕಾದಿದ್ದರೆ ಏಪ್ರಿಲ್ ಹದಿನಾಲ್ಕರಿಂದ ಮೂವತ್ತರವರೆಗೆ ಆ ಊರಿನಲ್ಲಿ ಹೊಸದಾಗಿ ಎಷ್ಟು ಜನರಿಗೆ ಐದೇ ದಿನ ಕೊಡುತ್ತಿದ್ದರೋ ಎಂದು ಯೋಚಿಸಿದಾಗ ನಿನ್ನ ಮೇಲಿನ ಕೋಪಕ್ಕೆ ನಿಲ್ಲಲು ಜಾಗ ಸಿಗುವುದಿಲ್ಲ. ಆದರೂ ಹೋಗುವುದಿಲ್ಲ, ಬಾಗಿಲ ಹತ್ತಿರವೇ ನಿಂತಿರುತ್ತದೆ.

ಕೆಲಸ ಹೋಗುವುದೋ ಇರುವುದೋ ತಿಳಿಯದು. ಹೋದರೂ ಹೋಗಲಿ ಎನ್ನುವಷ್ಟು ಧೈರ್ಯ ನನಗಿಲ್ಲ. ಹೆದರಿಕೆಯಾಗುತ್ತದೆ.

ವಿಚಾರಣೆ ಈ ತಿಂಗಳ ಇಪ್ಪತ್ತಮೂರಕ್ಕೆ, ನಿಮ್ಮ ಊರಿನಲ್ಲೇ. ಲಾಡ್ಜಿನಲ್ಲಿ ರೂಮು ಹೇಳಿದ್ದೆ, ನಿನ್ನೆ ಬೇಡವೆಂದು ಫೋನ್ ಮಾಡಿದೆ. ಹಿಂದಿನ ದಿನ ಸಂಜೆ ಬರುತ್ತೇನೆ. ಬಂದ ತಕ್ಷಣ ಕ್ಷಮೆ ಕೇಳುವುದು, ಅಳುವುದು ಏನೂ ಬೇಡ, ನನಗೆ ತ್ರಾಣವಿಲ್ಲ. ಊಟಕ್ಕೆ ಹಾಕು.

ಅಲ್ಲಿ ಕೇಳಿದಾಗ ನಿನಗೆ ಗೊತ್ತಿರುವುದನ್ನು ಗೊತ್ತಿರುವ ಹಾಗೇ ಹೇಳು. ನನ್ನನ್ನು ಉಳಿಸಲು ಹೋಗಿ ಒಂದು ಮಾತು ನುಂಗಬೇಡ. ನೀನು ನುಂಗಿದರೆ ನನಗೆ ಗೊತ್ತಾಗುತ್ತದೆ. ನಿನ್ನನ್ನು ಹತ್ತು ಗಂಟೆಗೆ ಕರೆದಿದ್ದಾರೆ, ನನ್ನನ್ನು ಹನ್ನೊಂದಕ್ಕೆ. ಬೇರೆ ಬೇರೆ ಹೋಗುವುದು ಯಾಕೆ, ಒಂಬತ್ತರ ಬಸ್ಸಿಗೆ ಇಬ್ಬರೂ ಒಟ್ಟಿಗೆ ಹೋಗೋಣ.

ನಿನ್ನ ತಮ್ಮ